ನಾನು ತಪಾಸಣೆ ಮಾಡಿದ ಸ್ವರ್ಗ

ವೃದ್ಧರ ಆರೈಕೆ ಕೇಂದ್ರಗಳನ್ನು ತಪಾಸಣೆ ಮಾಡುವ ಸರ್ಕಾರಿ ನೌಕರರಲ್ಲಿ ನನ್ನಷ್ಟು ಶುದ್ಧಹಸ್ತ ಮೂರು ಲೋಕ ಹುಡುಕಿದರೂ ಸಿಗಲಾರ. ಬಂಧುಗಳು ನಡೆಸುವ ಅಥವಾ ಬಂಧುಗಳು ವಾಸಿಸುವ ಕೇಂದ್ರಕ್ಕೆ ನೌಕರ ತಪಾಸಣೆಗೆ ಹೋಗಕೂಡದು, ಇದು ನಮ್ಮ ಇಲಾಖೆಯ ನಿಯಮ. ನನ್ನ ಹೆಂಡತಿಯದೂ ಒಂದು ಕೇಂದ್ರವಿದೆ. ಅದರ ಹೊಸ್ತಿಲನ್ನು ನಾನು ಕನಸಿನಲ್ಲೂ ದಾಟಿದವನಲ್ಲ. ಬಸ್ಸು ಆ ರಸ್ತೆಗೆ ತಿರುಗಿದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಅದರ ತಪಾಸಣೆ ಪಕ್ಕದ ಮೇಜಿನ ಮೀಸೆಯವನದು. ಮೀಸೆಯವನ ಹೆಂಡತಿಯ ಕೇಂದ್ರದ ತಪಾಸಣೆ ನನ್ನದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ನಿಯಮದ ಕೂದಲೂ ಕೊಂಕಲಿಲ್ಲ.

ಇನ್ನು ನನ್ನ ವರದಿಗಳೆಂದರೆ ಸಾಮಾನ್ಯವೇ? ಮೀಸೆಯವನ ಕೇಂದ್ರದ ಬಗ್ಗೆ ಬರೆದದ್ದನ್ನು ಓದಿ ಗಟ್ಟಿಮುಟ್ಟಾದ ಯುವಕರೂ ಬೇಗ ಮುದುಕರಾಗಲು ಹಂಬಲಿಸಿದ್ದುಂಟು. ನಲ್ಲಿಯಲ್ಲಿ ಹಗಲಿರುಳು ಬಿಸಿನೀರು, ಮೋಡದಂಥ ಹಾಸಿಗೆ, ಕರೆಗಂಟೆ ಒತ್ತುವ ಮೊದಲೇ ದಾದಿ ಹಾಜರು. ಇಷ್ಟನ್ನೂ ಬಾಗಿಲ ಬಳಿಯ ಸೋಫಾ ಬಿಟ್ಟೇಳದೆ ಬರೆದೆ. ಅಷ್ಟು ಪ್ರತಿಭೆ ಇಲಾಖೆಯಲ್ಲಿ ಇನ್ನಾರಿಗಿದೆ?

ಅನಾಹುತ ಮಾಡಿದವಳು ನನ್ನ ಅಕ್ಕ. ಸೊಂಟ ಮುರಿದುಕೊಂಡ ಅಮ್ಮ, ಸೊಸೆಯ ಕೇಂದ್ರಕ್ಕೆ ಹೋಗುವುದಕ್ಕಿಂತ ಬಿದ್ದಲ್ಲೇ ಬಿದ್ದಿರುತ್ತೇನೆಂದು ಹಟ ಹಿಡಿದರು. ಅಕ್ಕ ನನ್ನನ್ನು ಕೇಳಲೂ ಇಲ್ಲ. ತಮ್ಮನೇ ಹಾಡಿ ಹೊಗಳಿ ಬರೆದಿದ್ದಾನಲ್ಲ ಎಂದು ಮೀಸೆಯವನ ಕೇಂದ್ರಕ್ಕೇ ಸೇರಿಸಿಬಿಟ್ಟಳು. ನನಗೆ ಗೊತ್ತಾದದ್ದು ಮುಂದಿನ ತಪಾಸಣೆಯ ದಿನ, ಸೋಫಾದ ಮೇಲೆ ಕೂತಿದ್ದಾಗ, ಒಳಗಿನಿಂದ ಅಮ್ಮನ ದನಿ ಕೇಳಿ.

ಅಂದು ಮೊದಲ ಸಲ ಒಳಗೆ ಹೋದೆ. ಅಮ್ಮ ಒದ್ದೆ ತಲೆಯಲ್ಲಿ ನಡುಗುತ್ತಿದ್ದರು.

"ಬಾರೋ. ಇಲ್ಲಿ ಬಿಸಿನೀರಿದೆ ಅಂತ ನೀನೇ ಬರ್ದಿದೀಯಂತೆ. ಬಂದಾಗಿಂದ ಹುಡುಕ್ತಿದೀನಿ. ಎಲ್ಲಿದೆ, ತೋರ್ಸು."

ನಲ್ಲಿ ತಿರುಗಿಸಿದೆ, ಹಿಮಪರ್ವತವೇ ಕರಗಿ ಬಂದಂತೆ ಬೆರಳು ಮರಗಟ್ಟಿತು. ಕರೆಗಂಟೆ ಒತ್ತಿದೆ, ಅದರ ತಂತಿ ಗೋಡೆಯಿಂದ ಕಿತ್ತು ನೇತಾಡುತ್ತಿತ್ತು.

ತನ್ನ ಹೆಂಡತಿ ಫೋನ್ ಮಾಡಿದ್ದಕ್ಕೆ ಮೀಸೆಯವನು ಏದುಸಿರು ಬಿಡುತ್ತ ಬಂದ. ಇಲ್ಲಿ ನಿಮ್ಮ ತಾಯಿ ಇದ್ದಾರೆಂದು ಇಲಾಖೆಗೆ ತಿಳಿಸಿದರೆ ಬೇರೊಬ್ಬರು ತಪಾಸಣೆಗೆ ಬರುತ್ತಾರೆ, ಬಂದವರು ನಿಮ್ಮ ಹೆಂಡತಿಯ ಕೇಂದ್ರವನ್ನೂ ಬಿಡುವುದಿಲ್ಲ ಎಂದು ಪಿಸುಗುಟ್ಟಿದ. ತಿಳಿಸದಿದ್ದರೆ ಅಮ್ಮನಿಗೆ ತಣ್ಣೀರೇ ಗತಿ.

"ತಾಯಿ ಅಂತ ಯಾಕೆ ಹೇಳ್ತೀರಿ ಸಾರ್? ದೂರದ ಪರಿಚಯ ಅಂದ್ಬಿಡಿ."

ಅಮ್ಮನ ಸೊಂಟ ಮುರಿದಿತ್ತೇ ಹೊರತು ಕಿವಿ ಚುರುಕಾಗಿತ್ತು. "ಹೌದಪ್ಪ, ದೂರಾನೇ. ಆ ಸೋಫಾಗೂ ಈ ಮಂಚಕ್ಕೂ ಬಹಳ ದೂರ."

ಅಲ್ಲೇ ನಿಂತು ಮೇಲಧಿಕಾರಿಗೆ ಫೋನ್ ಮಾಡಿದೆ: ಇಲ್ಲಿರುವುದು ನನ್ನ ಹೆತ್ತ ತಾಯಿ, ನಾನು ಈ ತಪಾಸಣೆಗೆ ಅನರ್ಹ. ಭೂಮಿ ಹುಟ್ಟಿದಾಗಿನಿಂದ ಇಷ್ಟು ಪ್ರಾಮಾಣಿಕವಾದ ಫೋನು ಯಾರೂ ಮಾಡಿರಲಾರರು.

ಮರುದಿನವೇ ಬೇರೆ ಊರಿನ ತಪಾಸಕಿಯೊಬ್ಬರು ಬಂದರು. ಆ ಪುಣ್ಯಾತ್ಗಿತ್ತಿ ಸೋಫಾದ ಕಡೆ ತಿರುಗಿಯೂ ನೋಡಲಿಲ್ಲ. ವಾರದೊಳಗೆ ಇಲ್ಲಿ ಬಿಸಿನೀರು ಬಂತು, ನನ್ನ ಹೆಂಡತಿಯ ಕೇಂದ್ರಕ್ಕೆ ಬೀಗ ಬಿತ್ತು. ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ನನ್ನನ್ನೂ ಮೀಸೆಯವನನ್ನೂ ಹಳೆಯ ಕಡತಗಳ ಕೋಣೆಗೆ ದಬ್ಬಿದ್ದಾರೆ. ಅಲ್ಲಿನ ಧೂಳು ನನ್ನ ಪ್ರಾಮಾಣಿಕತೆಗೆ ಹೆದರಿ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ.

ಭಾನುವಾರ ನೋಡಲು ಹೋದಾಗ ಅಮ್ಮ ಹಬೆಯಾಡುವ ಬಕೆಟ್ಟಿನ ಮುಂದೆ ಕೂತಿದ್ದರು. ಇಂಥ ನೀರು ಪ್ರಪಂಚದಲ್ಲೇ ಇಲ್ಲವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ನೀನು ಹೊಗಳ್ಬೇಡ ಮಗಾ. ಬರೋದೂ ನಿಂತ್ಹೋದೀತು."