ನಡುವೆ ಬಿಟ್ಟ ಜಾಗ

ಮಕ್ಕಳ ಚಿತ್ರವನ್ನು ತಿದ್ದಬಾರದು. ಸರ್ಕಾರಿ ಶಾಲೆಗಳಿಗೆ ಚಿತ್ರದ ಮೇಷ್ಟ್ರನ್ನು ಕಳಿಸುವ ಫೌಂಡೇಶನ್ನಿನವರು ನನಗೆ ಕಲಿಸಿದ ಮೊದಲ ಪಾಠ ಇದು. ಸೂರ್ಯನಿಗೆ ಹಸಿರು ಬಳಿದರೆ ಹಸಿರೇ ಇರಲಿ, ಮನೆಗೆ ಬಾಗಿಲು ಬಿಡಿಸದಿದ್ದರೆ ಹಾಗೇ ಇರಲಿ, ನೀವು ಪೆನ್ಸಿಲ್ ಮುಟ್ಟಕೂಡದು ಎಂದು ಅದನ್ನು ನಡೆಸುವ ಸುಪ್ರೀತಾ ಮೇಡಂ ಇಂದಿರಾನಗರದ ತಮ್ಮ ಆಫೀಸಿನಲ್ಲಿ ಕೂರಿಸಿಕೊಂಡು ಹೇಳಿದರು. ಎಂಟನೇ ಕ್ಲಾಸಿನಲ್ಲಿ ನಾನು ಬಿಡಿಸಿದ್ದನ್ನು ಹರಿದು ಕಿಟಕಿಯಿಂದಾಚೆ ಎಸೆದ ಮೇಷ್ಟ್ರು ಈಗ ಪಿಂಚಣಿ ತೆಗೆದುಕೊಂಡು ಲಿಂಗರಾಜಪುರದಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ವಾಕಿಂಗ್ ಮಾಡುತ್ತಾರೆ. ಚಿತ್ರ ಹರಿದ ಆ ವರ್ಷವೇ ನಾನು ಶಾಲೆ ಬಿಟ್ಟೆ. ಅವರಿಗೆ ಈ ಪಾಠ ಯಾರೂ ಹೇಳಿರಲಿಲ್ಲವೇನೋ.

ನನ್ನ ಹೊಟ್ಟೆಪಾಡು ಶಿವಾಜಿನಗರದ ಫ್ಲೆಕ್ಸ್ ಅಂಗಡಿಯಲ್ಲಿ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವವನು ನಾನು. ಫ್ಲೆಕ್ಸಿಗೆ ನಿಷೇಧವಿದೆ, ಹಾಗಂತ ನಮ್ಮ ಮಿಷನ್ನು ಒಂದು ದಿನವೂ ನಿಂತಿಲ್ಲ. ಹುಟ್ಟುಹಬ್ಬ, ಉತ್ಸವ, ಸಾವು. ಸಾವಿನ ಫ್ಲೆಕ್ಸಿಗೊಂದು ರೀತಿ ಇದೆ. ನಡುವೆ ತೀರಿಕೊಂಡವರ ದೊಡ್ಡ ಮುಖ, ಅದರ ಸುತ್ತ ಹಾರ, ಅಕ್ಕಪಕ್ಕ ದೀಪ. ಕೆಳಗೆ ದುಃಖದಲ್ಲಿರುವವರ ಸಾಲು, ಒಬ್ಬೊಬ್ಬರ ಮುಖಕ್ಕೆ ಒಂದೊಂದು ಚಿಕ್ಕ ದುಂಡು ಸುತ್ತು. ತೀರಿಕೊಂಡವರ ಫೋಟೋ ಮನೆಯವರ ಹತ್ತಿರ ಇಲ್ಲದಿದ್ದರೆ ನಮ್ಮ ಮಾಲೀಕ ಮುನಿಆಂಜನಪ್ಪನವರದು ಒಂದೇ ಮಾತು: “ಹಳೇ ಫ್ಲೆಕ್ಸ್ ತೆಗಿಲಾ. ಕೆಳಗಡೆ ಲೈನಲ್ಲಿ ಇದ್ದೇ ಇರ್ತಾರೆ.”

ಇದ್ದೇ ಇರುತ್ತಾರೆ. ಅಣ್ಣ ಸತ್ತಾಗ ಕೆಳಗಿನ ಸಾಲಿನಲ್ಲಿದ್ದ ತಮ್ಮ ತಾನೂ ಸತ್ತಾಗ ಅವನನ್ನು ಕತ್ತರಿಸಿ, ದೊಡ್ಡದು ಮಾಡಿ, ನಡುವೆ ಕೂರಿಸಿ ಹಾರ ಹಾಕುತ್ತೇನೆ. ಮುಖ ಸ್ವಲ್ಪ ಮಸುಕಾಗುತ್ತದೆ. ಯಾರೂ ದೂರುವುದಿಲ್ಲ.

ವಾರಕ್ಕೊಂದು ಮಧ್ಯಾಹ್ನ ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಚಿತ್ರ ಹೇಳಿಕೊಡುವ ಕೆಲಸ ನನಗೆ ಸಿಕ್ಕಿದ್ದು ಅಲ್ಲಿನ ಹೆಡ್ ಮಿಸ್ ವಿಮಲಾಕ್ಷಿಯವರಿಂದ. ಗದಗದ ಕಡೆಯವರು. ಬ್ಯಾನರ್ ಮಾಡಿಸಲು ಅಂಗಡಿಗೆ ಬಂದಾಗ ಬಿಲ್ಲಿನ ಹಿಂದೆ ನಾನು ಗೀಚಿದ್ದ ಕುದುರೆಯನ್ನು ನೋಡಿದರು.

“ನಮ್ಮ ಸಾಲಿಗೆ ಬಾರಪಾ. ಫೌಂಡೇಶನ್ನಿನವರು ಚಿತ್ರದ ಮೇಷ್ಟ್ರನ್ನ ಹುಡುಕಾಕತ್ತಾರ.”

“ನಾನು ಓದಿರೋದು ಎಂಟನೇ ಕ್ಲಾಸು ಮಿಸ್.”

“ಕುದುರಿಗೆ ಗೊತ್ತೈತೇನು ಅದು?”

ನನ್ನನ್ನು ಮರ್ಯಾದೆಯಿಂದ ಮೇಷ್ಟ್ರೇ ಎಂದು ಕರೆದವರು ಅವರೊಬ್ಬರೇ.

ಮೊದಲ ದಿನಕ್ಕೆ ಫೌಂಡೇಶನ್ ಕಳಿಸಿದ ವಿಷಯ ‘ನನ್ನ ಏರಿಯಾದ ಜನ’. ಮಕ್ಕಳು ದೂರ ದೂರ ಕೂತು, ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ಬಿಡಿಸಿದರು. ಒಟ್ಟುಮಾಡಿ ನೋಡಿದರೆ ಎಲ್ಲರೂ ಬಿಡಿಸಿದ್ದು ಸಾವಿನ ಫ್ಲೆಕ್ಸು. ನನಗೆ ನಗು ಬಂತು. ಇವರು ಕಂಡಿರುವ ದೊಡ್ಡ ಚಿತ್ರವೆಂದರೆ ಅದೊಂದೇ ತಾನೇ, ಆರ್ಟ್ ಗ್ಯಾಲರಿಗೆ ಯಾರು ಕರೆದುಕೊಂಡು ಹೋಗಿದ್ದಾರೆ? ಕೆಳಗಿನ ಸಾಲಿನ ಸುತ್ತುಗಳಲ್ಲಿ ತಮ್ಮ ಇಡೀ ಕ್ಲಾಸನ್ನೇ ಬಿಡಿಸಿದ್ದರು. ಸಾಲಿನ ಮೊದಲ ಸುತ್ತಿನಲ್ಲಿ ಮಾತ್ರ ಪ್ರತಿಯೊಬ್ಬರೂ ಬಿಸಿಯೂಟ ಮಾಡುವ ಪಟಾಲಮ್ಮನನ್ನು ಕೂರಿಸಿದ್ದರು. ನಡುವೆ, ಹಾರದೊಳಗೆ, ಏನೂ ಇರಲಿಲ್ಲ. ಎಲ್ಲರ ಹಾಳೆಯಲ್ಲೂ ಬರೀ ಬಿಳಿ.

ಮುಂದಿನ ಬೆಂಚಿನ ಗುಂಗುರು ಕೂದಲ ಮಿಸ್ಬಾಳನ್ನು ಕೇಳಿದೆ. “ಇಲ್ಲಿ ಯಾರು ಪುಟ್ಟಿ?”

“ಇನ್ನೂ ಬಂದಿಲ್ಲ ಅಣ್ಣಾ.”

“ನೀನೇ ಯಾರನ್ನಾದ್ರೂ ಹಾಕು.”

“ನಾವ್ ಹಾಕಲ್ಲ. ಜಾಗ ಬಿಡ್ತೀವಿ, ಅಷ್ಟೇ.” ಹಾಳೆಯ ಮೇಲಿನ ರಬ್ಬರ್ ಪುಡಿಯನ್ನು ಊದಿದಳು. “ನೀವು ತಿದ್ದಬಾರ್ದಂತಲ್ಲ? ಸುಪ್ರೀತಾ ಮೇಡಂ ಹೇಳಿದಾರೆ.”

ಪಟಾಲಮ್ಮನವರ ಕೈತುಂಬ ಹಸಿರು ಗಾಜಿನ ಬಳೆ. ಅಂಗಡಿಯಿಂದ ಹಸಿದು ಬಂದು ನಾನು ನೇರ ಪಾತ್ರೆಯ ಹತ್ತಿರ ಹೋದರೆ ಸೌಟು ಎತ್ತಿ, “ಮೇಷ್ಟ್ರಾದ್ರೇನು, ಲೈನಲ್ಲಿ ಬಾರ್ಲಾ” ಎಂದು ಗದರಿ ಮಕ್ಕಳ ಹಿಂದೆ ನಿಲ್ಲಿಸುತ್ತಿದ್ದರು. ನನ್ನ ಸರದಿ ಬಂದಾಗ ತಳದ ಸಾಂಬಾರನ್ನು ಕೆದಕಿ ಹಾಕುತ್ತಿದ್ದರು.

ಮುಂದಿನ ವಾರ ಅದೇ ಚಿತ್ರವನ್ನು ಮುಂದುವರಿಸಲು ಹೇಳಿದೆ. ಹಾರದೊಳಗೆ ಪಟಾಲಮ್ಮ ಬಂದಿದ್ದರು. ಎಲ್ಲರ ಹಾಳೆಯಲ್ಲೂ. ಸಾಲಿನ ಮೊದಲ ಸುತ್ತಿನಿಂದ ಅವರನ್ನು ಅಳಿಸಿ, ಆ ಜಾಗದಲ್ಲಿ ಕನ್ನಡಕದ ಒಂದು ಮುಖವನ್ನು ಬಿಡಿಸಿದ್ದರು, ತುರುಬಿನಲ್ಲಿ ಸಿಕ್ಕಿಸಿದ ಪೆನ್ನಿನ ಸಮೇತ. ವಿಮಲಾಕ್ಷಿ ಮಿಸ್. ಕಿಟಕಿಯಾಚೆ ಪಟಾಲಮ್ಮ ಪಾತ್ರೆ ತೊಳೆಯುತ್ತಿದ್ದ ಬಳೆಯ ಸದ್ದು ಕೇಳುತ್ತಲೇ ಇತ್ತು.

ಮತ್ತೆ ನನ್ನ ಪಾಠದ ದಿನ ಬರುವುದರೊಳಗೆ ಪಟಾಲಮ್ಮನ ಮೊಮ್ಮಗ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಅಜ್ಜಿ ಮಲಗಿದ್ದ ಕಡೆಯೇ ಹೋದರಂತೆ. ಫೋಟೋ ಒಂದೂ ಇರಲಿಲ್ಲ.

“ಹಳೇ ಫ್ಲೆಕ್ಸ್ ತೆಗಿಲಾ,” ಎಂದರು ಮುನಿಆಂಜನಪ್ಪ.

ಪಟಾಲಮ್ಮನ ಅಣ್ಣ ಸತ್ತಾಗ ಗರುಡಾಚಾರ್‌ಪಾಳ್ಯದಲ್ಲಿ ಕಟ್ಟಿ, ಎಂದೋ ಕಿತ್ತುಹಾಕಿದ ಫ್ಲೆಕ್ಸು ಕಂಪ್ಯೂಟರಿನಲ್ಲಿತ್ತು. ಸಾಲಿನಲ್ಲಿ ಅವರಿದ್ದರು. ಕತ್ತರಿಸಿ ದೊಡ್ಡದು ಮಾಡಿದೆ. ಎಡಕಿವಿಯ ಹತ್ತಿರ ಮುಖ ಮಸುಕಾಯಿತು. ಯಾವುದೋ ಗುಂಪಿನ ಫೋಟೋದಿಂದ ತೆಗೆದದ್ದರಿಂದ ಪಕ್ಕದವರ ಹೆಗಲಿನ ಒಂದು ಚೂರು ಉಳಿದುಕೊಂಡಿತ್ತು. ನನ್ನ ಕೈ ಮೌಸಿನ ಮೇಲೆಯೇ ನಿಂತಿತು. ಕಳೆದ ವಾರವೇ ಮಕ್ಕಳ ಹಾಳೆಗಳಲ್ಲಿಯೂ ಎಡಕಿವಿಯ ಹತ್ತಿರ ಪೆನ್ಸಿಲನ್ನು ಬೆರಳಿನಿಂದ ತಿಕ್ಕಿ ಮಸುಕು ಮಾಡಿದ್ದರು. ಪಕ್ಕದಲ್ಲಿ ಯಾರದೂ ಅಲ್ಲದ ಹೆಗಲಿನ ಚೂರೂ ಇತ್ತು.

ಆ ವಾರ ಮಕ್ಕಳು ಹೊಸ ಹಾಳೆಗಳಲ್ಲಿ ಬಿಡಿಸಿದರು. ನಡುವೆ ಮತ್ತೆ ಬಿಳಿ. ಸಾಲಿನ ಮೊದಲಿಗೆ ವಿಮಲಾಕ್ಷಿ ಮಿಸ್.

ಅಳುವವರ ಸಾಲು ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅದು ಸರದಿಯ ಸಾಲು. ದಿನಾ ನನ್ನ ಕೈಯಿಂದಲೇ ಒಬ್ಬೊಬ್ಬರನ್ನು ಕೆಳಗಿನಿಂದ ಮೇಲಕ್ಕೆ ಕಳಿಸುತ್ತಿದ್ದೆ.

ಹಾಳೆಗಳನ್ನು ಮಿಸ್ ಟೇಬಲ್ಲಿನ ಮೇಲೆ ಇಟ್ಟು ಎಲ್ಲ ಹೇಳಿದೆ. ಅವರು ತಮ್ಮ ಚಿತ್ರಗಳನ್ನೇ ನೋಡುತ್ತಾ ನಕ್ಕರು.

“ಹುಡುಗ್ರು ಪ್ರೀತೀಲೆ ನನ್ನ ಚಿತ್ರಾ ತಗದಾರ. ಅದಕ್ಕೂ ತಕರಾರೇನಪಾ ನಿಂದು?”

“ಪಟಾಲಮ್ಮನದೂ ಪ್ರೀತಿಯಿಂದ್ಲೇ ತೆಗೆದಿದ್ರು ಮಿಸ್.”

“ಆಕಿಗೆ ಶುಗರ್ ಇತ್ತು, ಬಿಪಿ ಇತ್ತು. ನನಗೂ ಅದಾವ. ಪೆನ್ಸಿಲ್ ಏನ್ ಮಾಡೀತು?” ಹಾಗೆಂದರೂ ಅವರ ಕೈ ತುರುಬಿನ ಪೆನ್ನಿಗೆ ಹೋಗಿ, ಅದನ್ನು ಕಿತ್ತು ಡ್ರಾಯರಿನಲ್ಲಿಟ್ಟಿತು.

ಸುಪ್ರೀತಾ ಮೇಡಂ ಹಾಳೆಗಳನ್ನು ನೋಡಿ ಕುಣಿದಾಡುವುದೊಂದು ಬಾಕಿ. “ಜಗನ್, ಮಧ್ಯದಲ್ಲಿ ಖಾಲಿ ಬಿಟ್ಟಿದಾರೆ ನೋಡಿ. ಎಷ್ಟು ಓಪನ್ ಆಗಿದೆ! ನೋಡೋರನ್ನ ಒಳಗೆ ಕರೀತಿದಾರೆ. ಎಕ್ಸಿಬಿಷನ್‌ಗೆ ಇದನ್ನೇ ದೊಡ್ಡದಾಗಿ ಪ್ರಿಂಟ್ ಮಾಡ್ಸೋಣ. ಮಧ್ಯ ರೌಂಡಾಗಿ ಕಟ್ ಮಾಡಿ ಸೆಲ್ಫಿ ಪಾಯಿಂಟ್ ಮಾಡೋಣ. ಹಿಂದೆ ನಿಂತು ಮುಖ ಇಟ್ರೆ ಮಕ್ಕಳ ಚಿತ್ರದೊಳಗೆ ನಾವು. ವಿಮಲಾಕ್ಷಿ ಮೇಡಂ ಫಸ್ಟ್.”

“ಮೇಡಂ, ಇದು ಶ್ರದ್ಧಾಂಜಲಿ ಫ್ಲೆಕ್ಸು. ಹಾರ ಕಾಣ್ತಿಲ್ವಾ?”

“ಅದು ನಿಮ್ಮ ಕಣ್ಣಿಗೆ. ಮಕ್ಕಳಿಗೆ ಅದು ಹೂವು.”

ಸತ್ತವರ ಫ್ಲೆಕ್ಸು ಕಟ್ಟಿದ ಬೀದಿಯಲ್ಲಿ ಒಂದು ದಿನವೂ ನಡೆಯದವರಿಗೆ ಹಾರವೂ ಹೂವೇ. ಆರ್ಡರ್ ನಮ್ಮ ಅಂಗಡಿಗೇ ಬಂತು. ಮಾಲೀಕರು ಹೂಂ ಅಂದಮೇಲೆ ನನ್ನ ಮಾತು ನಡೆಯುವುದಿಲ್ಲ. ಪ್ರಿಂಟ್ ತೆಗೆದೆ. ಮಿಸ್ಬಾಳ ಹಾಳೆಯೇ ಆಳೆತ್ತರವಾಗಿ ಮಿಷನ್ನಿನಿಂದ ಇಳಿಯಿತು. ನಡುವಿನ ಬಿಳಿಯನ್ನು ಮಾತ್ರ ನಾನು ಕತ್ತರಿಸಲಿಲ್ಲ.

ಇಂದಿರಾನಗರದ ಒಂದು ಹಳೇ ಬಂಗಲೆಯ ತೋಟದಲ್ಲಿ ಎಕ್ಸಿಬಿಷನ್. ಸುಡುಬಿಸಿಲು, ಬಣ್ಣದ ಕೊಡೆಗಳು, ನಿಂಬೆ ಷರಬತ್ತು. ನಾನು ಹೋಗುವ ಹೊತ್ತಿಗೆ ಯಾರೋ ಕಟರ್‌ನಿಂದ ರಂಧ್ರ ಕೊರೆದು, ಕಟರನ್ನು ಹುಲ್ಲಿನ ಮೇಲೆಯೇ ಬಿಟ್ಟಿದ್ದರು. ಬಿದಿರಿಗೆ ಕಟ್ಟಿದ ಫ್ಲೆಕ್ಸಿನ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಬಂದವರೆಲ್ಲ ಫೋನ್ ಎತ್ತಿ ಹಿಡಿದಿದ್ದರು.

“ಮೇಡಂ, ಬನ್ನಿ ಬನ್ನಿ,” ಎಂದರು ಸುಪ್ರೀತಾ ಮೇಡಂ.

ವಿಮಲಾಕ್ಷಿ ಮಿಸ್ ಸೆರಗು ಸರಿಮಾಡಿಕೊಂಡು ಫ್ಲೆಕ್ಸಿನ ಹಿಂದಕ್ಕೆ ಹೊರಟರು. ನಾನು ಓಡಿಹೋಗಿ ಅವರಿಗಿಂತ ಮೊದಲು ನನ್ನ ಮುಖವನ್ನು ರಂಧ್ರಕ್ಕೆ ತೂರಿಸಿದೆ.

ಜನ ನಕ್ಕರು. ಆಮೇಲೆ ನಗು ಕೇಳಿಸಲಿಲ್ಲ. ಬಾಯಿಗಳು ಆಡುತ್ತಿದ್ದವು, ಸದ್ದಿರಲಿಲ್ಲ. ಮಕ್ಕಳು ಮಾತ್ರ ಕ್ಯಾಮೆರಾದ ಕಡೆಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿದರು. ಎಲ್ಲರೂ ಕೈ ಮುಗಿದಿದ್ದರು. ಮಿಸ್ಬಾ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಕೆನ್ನೆಯ ಪಕ್ಕದ ಜಾಗವನ್ನು ನೋಡುತ್ತಿದ್ದಳು.

ಆ ಕೆನ್ನೆಗೆ ಇನ್ನೊಂದು ಕೆನ್ನೆ ತಾಗಿತು. ಒದ್ದೆಯಾಗಿತ್ತು, ನೀರಿನಲ್ಲಿ ನೆನೆದ ಪಾತ್ರೆಯಷ್ಟು ತಣ್ಣಗಿತ್ತು. ಸಾಂಬಾರಿನ ವಾಸನೆ ಬಂತು, ಹಿಂದೆಯೇ ಸೋಪಿನ ವಾಸನೆ. ಬಳೆ ಸದ್ದಾಯಿತು.

“ಲೈನಲ್ಲಿ ಬಾರ್ಲಾ.”

“ಮಿಸ್‌ನ ಬಿಟ್ಬಿಡಮ್ಮಾ,” ಅಂದೆ. ನನ್ನ ತುಟಿ ಅಲ್ಲಾಡಿತೋ ಇಲ್ಲವೋ ಗೊತ್ತಿಲ್ಲ. ಮೊಣಕೈಯೊಂದು ಎದೆಗೆ ಬಲವಾಗಿ ತಿವಿಯಿತು. ಹಿಂದಕ್ಕೆ, ಹುಲ್ಲಿನ ಮೇಲೆ ಬಿದ್ದೆ. ಫ್ಲೆಕ್ಸಿನ ಹಿಂದೆ ಯಾರೂ ಇರಲಿಲ್ಲ.

“ಜಗನ್, ನೀವು ಮುಖ ಇಟ್ಟೇ ಇಲ್ಲ. ಖಾಲಿ ಬಂದಿದೆ ನೋಡಿ,” ಎಂದು ಸುಪ್ರೀತಾ ಮೇಡಂ ಫೋನ್ ತೋರಿಸಿದರು. ಅವರದಷ್ಟೇ ಅಲ್ಲ, ಎಲ್ಲರ ಫೋಟೋದಲ್ಲೂ ರಂಧ್ರ ಕಪ್ಪಗಿತ್ತು. “ಪರ್ವಾಗಿಲ್ಲ. ಮೇಡಂ, ಈಗ ನೀವು.”

ಮಿಸ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಕಟರ್ ಎತ್ತಿಕೊಂಡು ಫ್ಲೆಕ್ಸನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದೆ.

ಸುಪ್ರೀತಾ ಮೇಡಂ ಇಂಗ್ಲಿಷಿನಲ್ಲಿ ಬೈದರು. ನನಗೆ ಅರ್ಥವಾಗಬಾರದೆಂದು ಇಂಗ್ಲಿಷಿನಲ್ಲಿ. ಅರ್ಥವಾಯಿತು. ಇಂಥವರನ್ನು ಮಕ್ಕಳ ಹತ್ತಿರ ಬಿಡಲೇಬಾರದಿತ್ತು ಎಂಬುದು ಸಾರಾಂಶ. ನನ್ನ ಕ್ಲಾಸು ಅವತ್ತಿಗೆ ಮುಗಿಯಿತು. ಮಿಸ್ ಬಸ್ ಸ್ಟಾಪಿನವರೆಗೆ ನನ್ನ ಜೊತೆ ನಡೆದು, “ಹೊಟ್ಟಿ ತುಂಬ ಉಣ್ಣು ಮೇಷ್ಟ್ರ,” ಎಂದು ಹೇಳಿ ಹೋದರು.

ದಿನಗಳು ಕಳೆದವು. ಮಿಸ್ ಚೆನ್ನಾಗಿದ್ದರು, ಫೋನಿನಲ್ಲಿ ದಿನಾ ಅವರ ದನಿ ಕೇಳಿ, ನೆಪ ಹೇಳಿ ಇಟ್ಟುಬಿಡುತ್ತಿದ್ದೆ. ಒಂದು ಮಧ್ಯಾಹ್ನ ಮಿಸ್ಬಾ ಅಂಗಡಿಗೆ ಬಂದಳು. ಅಮ್ಮಿಯ ಜೊತೆ ರಸೆಲ್ ಮಾರ್ಕೆಟ್ಟಿಗೆ ಬಂದಿದ್ದವಳು, ಎದುರಿನ ಬಳೆಯಂಗಡಿಯಲ್ಲಿ ಅಮ್ಮಿ ಚೌಕಾಸಿ ಮಾಡುತ್ತಿರುವಾಗ ರಸ್ತೆ ದಾಟಿದ್ದಳು. ಸುರುಳಿ ಸುತ್ತಿದ ಹಾಳೆಯನ್ನು ನನ್ನ ಕೈಗಿಟ್ಟಳು.

“ನಿಮ್ಮನ್ನೂ ಹಾಕಿದೀನಿ ಅಣ್ಣಾ. ಕೊನೇಲಿ.”

ಬಿಚ್ಚಿದೆ. ಹಾರ, ದೀಪ, ನಡುವೆ ಬಿಳಿ. ಸಾಲಿನ ಕೊನೆಯ ಸುತ್ತಿನಲ್ಲಿ ನಾನು.

“ನನ್ನ ಕಿವಿ ಇಷ್ಟು ದೊಡ್ಡದಾ?”

“ಇದೆ ಅಣ್ಣಾ. ನೋಡ್ಕೊಂಡಿಲ್ವಾ ನೀವು?”

ನನ್ನ ಪಕ್ಕದ ಸುತ್ತಿನಲ್ಲಿ ಮಿಸ್ ಮುಖವಿತ್ತು, ಕನ್ನಡಕದ ಸಮೇತ.

“ಮಿಸ್‌ನ ಹಿಂದಕ್ಕೆ ಕಳಿಸಿದ್ರು. ನಿಮ್ಮನ್ನ ಅವರ ಹಿಂದೆ.”

“ಯಾರು ಕಳಿಸಿದ್ದು?”

“ಪಟಾಲಮ್ಮ.” ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದಳು.

ಮಿಸ್ ಹಿಂದಕ್ಕೆ ಹೋದರೆ ಮುಂದಕ್ಕೆ ಯಾರೋ ಬಂದಿರಬೇಕು. ಮೊದಲನೇ ಸುತ್ತಿನ ಮೇಲೆ, ಹಾಳೆ ಹಿಡಿದ ನನ್ನ ಹೆಬ್ಬೆರಳಿತ್ತು. ಅದನ್ನು ಅಲ್ಲೇ ಒತ್ತಿ ಹಿಡಿದು ಉಳಿದ ಸಾಲನ್ನು ನೋಡುತ್ತಾ ಬಂದೆ. ಕ್ಲಾಸಿನವರೆಲ್ಲ ಇದ್ದರು. ಮಿಸ್ಬಾಳ ಗುಂಗುರು ಕೂದಲು ಮಾತ್ರ ಎಲ್ಲೂ ಇರಲಿಲ್ಲ. ಮತ್ತೆ ಮೊದಲಿನಿಂದ ನೋಡಿದೆ. ಇರಲಿಲ್ಲ. ಅವಳು ನನ್ನ ಮುಂದೆ ಟೇಬಲ್ಲಿಗೆ ಗಲ್ಲ ಊರಿ, ಮಿಷನ್ನಿನಿಂದ ಇಳಿಯುತ್ತಿದ್ದ ಯಾರದೋ ಮುಖವನ್ನು ನೋಡುತ್ತಾ ನಿಂತಿದ್ದಳು.

ನಾನು ಪೆನ್ಸಿಲ್ ತೆಗೆದುಕೊಂಡೆ.

“ಅಣ್ಣಾ, ತಿದ್ದಬಾರ್ದು.”

“ಹೌದು. ತಿದ್ದಬಾರ್ದು.”

ತಿದ್ದಿದೆ. ಹಾರವನ್ನೇ ಒಂದು ಪಾತ್ರೆಯ ದುಂಡನೆಯ ಹೊಟ್ಟೆ ಮಾಡಿದೆ. ಪಕ್ಕದ ದೀಪಗಳನ್ನು ಕೆಳಕ್ಕೆ ಎಳೆದು ಒಲೆಯ ಉರಿ ಮಾಡಿದೆ. ಅಂಚಿನಲ್ಲಿ ಶಾಲೆಯ ಪಾತ್ರೆಗಿದ್ದ ನೆಗ್ಗು, ತಳದಲ್ಲಿ ಮಸಿ. ಮುಖಕ್ಕೆಂದು ಬಿಟ್ಟ ಜಾಗದ ತುಂಬ ಅನ್ನ, ಅನ್ನದ ಮೇಲೆ ಹಬೆ. ಒಂದು ಮುಖ ಕೂರುವಷ್ಟು ಬಿಳಿಯೂ ಉಳಿಯದಂತೆ ತುಂಬಿದೆ. ಕೆಳಗಿನ ಸಾಲು ಸಾಲಾಗಿಯೇ ಉಳಿಯಿತು, ಊಟಕ್ಕೆ ನಿಂತವರ ಸಾಲು.

ಮಿಸ್ಬಾ ತಲೆ ಓರೆ ಮಾಡಿ ನೋಡಿದಳು. ಎದುರಿನಿಂದ ಅಮ್ಮಿ ಕರೆಯುತ್ತಿದ್ದರು.

“ಬಡಿಸೋರು ಬೇಕಲ್ಲ ಅಣ್ಣಾ,” ಎಂದು ಪೆನ್ಸಿಲ್ ಕಿತ್ತುಕೊಂಡಳು.

ಹಾಳೆಯ ಹೊರಗಿನಿಂದ ಯಾರೋ ಚಾಚಿದಂತೆ ಒಂದು ಕೈ ಬಿಡಿಸಿದಳು. ಮೊಣಕೈವರೆಗೂ ಬಳೆ. ಕೈಯಲ್ಲಿ ಸೌಟು. ಸೌಟು ಪಾತ್ರೆಯಿಂದ ಎದ್ದು ಸಾಲಿನ ಮೊದಲಿಗೆ, ನನ್ನ ಹೆಬ್ಬೆರಳಿನ ಕಡೆಗೆ ವಾಲಿತ್ತು. ಪೆನ್ಸಿಲನ್ನು ನನ್ನ ಕಿವಿಗೆ ಸಿಕ್ಕಿಸಿ, ರಸ್ತೆಯ ಎರಡೂ ಕಡೆ ನೋಡಿ, ದಾಟಿ ಹೋದಳು.

ಬೆರಳಿನ ಕೆಳಗೆ ಹಾಳೆ ಬೆಚ್ಚಗಾಯಿತು. ಇಂಕಿನ ಘಾಟಿನ ನಡುವೆ ತಳದ ಸಾಂಬಾರಿನ ವಾಸನೆ ಬಂತು.

“ಏ ಜಗನಾ, ಏನ್ಲಾ ಅದು?” ಎಂದರು ಮುನಿಆಂಜನಪ್ಪ.

ಹೆಬ್ಬೆರಳು ತೆಗೆದೆ. ಮಿಸ್ಬಾಳೇ. ಎರಡೂ ಕೆನ್ನೆ ಉಬ್ಬಿದ್ದವು. ಬಾಯಿ ತುಂಬ ಅನ್ನವಿತ್ತು.