ಗುರುಬಸಮ್ಮನ ರಸಮಟ್ಟ

ಪಂಚೆ ಎತ್ತಿಕಟ್ಟಿ ಮರುಳಪ್ಪ ಗುಂಡಿಗೆ ಇಳಿದೇಬಿಟ್ಟ. ತೀರಿಹೋದ ಹೆಂಡತಿಯನ್ನು ಕೂರಿಸಿ ಮಣ್ಣು ಮಾಡುವ ಗೂಡಿನ ಎದುರು ಲೇಸರ್ ಲೆವೆಲ್ ಇಟ್ಟ. ಕೊಟ್ಟೂರಿನ ನಡುಹಗಲ ಬಿಸಿಲಿಗೆ ಅದರ ಹಸಿರು ಗೆರೆ ಕಾಣಲೇ ಇಲ್ಲ. ವಿಧಿಯಿಲ್ಲದೆ ಗೂಡಿನ ನೆಲಕ್ಕೆ ಅವಳದೇ ರಸಮಟ್ಟ ಇಟ್ಟು, ಗುಂಡಿ ತೋಡುವ ಗಾದೆಪ್ಪನಿಂದ ಮಣ್ಣು ಕೆರೆಸಿದ. ಅದರ ಗಾಜಿನೊಳಗಿನ ಗುಳ್ಳೆ ನಡುವೆ ಬಂತು.

"ಮಣ್ಣಿನ ಕೆಲಸಕ್ಕ ಇಷ್ಟ್ಯಾಕ್ರಿ, ಮರುಳಪ್ಪಾರ?" ಎಂದ ಗಾದೆಪ್ಪ.

"ಸೊಟ್ಟ ಕೂಡ್ರಿಸಿದ್ರ ಅಕಿ ನನ್ನ ಸುಮ್ನ ಬಿಡ್ತಾಳೇನು?"

ಏನು ನಡೆದಿದೆಯೆಂದು ಮಂದಿ ಮೇಲಿನಿಂದ ಬಗ್ಗಿದರು. ಅವರ ನೆರಳು ಬಿದ್ದದ್ದೇ ತಡ, ಗೂಡಿನ ಗೋಡೆಯ ಮೇಲೆ ಹಸಿರು ಗೆರೆ ಮೂಡಿತು.

"ಅಪ್ಪಾ, ನೆಲ ಎಡಗಡೆ ಒಂದು ನೂಲಿನಷ್ಟು ಇಳದೈತಿ," ಎಂದಳು ಮಗಳು ಸುಕನ್ಯಾ, ಮೂಗು ಒರೆಸಿಕೊಳ್ಳುತ್ತ.

*

ಮನೆಯಲ್ಲಿ ಮೊಳೆ ಹೊಡೆಯುವುದು, ಹಲಗೆ ಕೂರಿಸುವುದು ಎಲ್ಲ ಹೆಂಡತಿ ಗುರುಬಸಮ್ಮನದೇ ಕಾರುಬಾರಾಗಿತ್ತು. ತವರಿನಿಂದ ತಂದ ರಸಮಟ್ಟವನ್ನು ಯಾರೂ ಮುಟ್ಟುವಂತಿರಲಿಲ್ಲ. ವಿಭೂತಿ ಹಚ್ಚಿದ ತುದಿ ಯಾವಾಗಲೂ ಎಡಕ್ಕೇ ಇರಬೇಕು. ಮೊಬೈಲಿನಲ್ಲಿ ನೋಡಿ ಲೇಸರ್ ತರಿಸಿದ ಮರುಳಪ್ಪ, ಅಡುಗೆಮನೆಯ ಹಲಗೆಯ ಮೇಲೆ ಬೆಳಕು ಬಿಟ್ಟು ಮೀಸೆ ತಿರುವಿದ.

"ನಿನ್ನ ಹಲಗಿ ಎಡಕ್ಕ ಇಳದೈತಿ ನೋಡು."

"ನಿಮ್ಮ ಗೆರೀಗೆ ಹುಚ್ಚು ಹಿಡದೈತಿ. ನನ್ನ ಗುಳ್ಳಿ ನಟ್ಟನಡುವ ಕುಂತೈತಿ!"

ಹಬ್ಬಕ್ಕೊಮ್ಮೆಯಾದರೂ ಈ ಜಗಳ ಆಗಲೇಬೇಕು. ಸೋತೆನೆಂದು ಇಬ್ಬರೂ ಒಪ್ಪಲಿಲ್ಲ, ಬೇಸರವನ್ನೂ ಪಡಲಿಲ್ಲ.

*

ಗುಂಡಿಯೊಳಗಿದ್ದ ಮರುಳಪ್ಪನಿಗೆ ಏನನ್ನಿಸಿತೋ, ರಸಮಟ್ಟವನ್ನು ಎತ್ತಿ ತುದಿ ಅದಲುಬದಲು ಮಾಡಿ ಅಲ್ಲೇ ಇಟ್ಟ. ಮಟ್ಟ ಸಾಚಾ ಆಗಿದ್ದರೆ ಗುಳ್ಳೆ ಕದಲಬಾರದು. ಅದು ಬಲಕ್ಕೆ ಜಾರಿತು.

ಅಂದರೆ ಇಷ್ಟು ವರ್ಷವೂ ಅವನ ಗೆರೆಯೇ ಸರಿ! ಗೆದ್ದೆ ಎನ್ನಲು ತಲೆ ಎತ್ತಿದ. ಕೇಳಬೇಕಾದವಳು ಮೇಲೆ ಹೂವಿನ ನಡುವೆ ಕಣ್ಣುಮುಚ್ಚಿ ಕುಳಿತಿದ್ದಳು. ಇಂಥ ಗೆಲುವು ಯಾರಿಗೆ ಬೇಕಿತ್ತು?

ಗಾದೆಪ್ಪ ಸನಿಕೆ ಎತ್ತಿದ. "ಬಲಕ್ಕ ಇನ್ನೊಂಚೂರು ಕೆರೀಲೇನ್ರಿ?"

"ಬ್ಯಾಡ."

ಲೇಸರ್ ಆರಿಸಿ ಮಗಳ ಕೈಗೆ ಕೊಟ್ಟ. ವಿಭೂತಿಯ ತುದಿ ಎಡಕ್ಕೆ ಬರುವಂತೆ ರಸಮಟ್ಟವನ್ನು ತಿರುಗಿಸಿಟ್ಟ. ಗುಳ್ಳೆ ಅತ್ತಿತ್ತ ತೂಗಿ ನಟ್ಟನಡುವೆ ನಿಂತಿತು.

"ಮಟ್ಟ ಐತಿ," ಎಂದ, ಮೇಲಿದ್ದವಳಿಗೂ ಕೇಳುವಷ್ಟು ಜೋರಾಗಿ. "ಅಕಿನ್ನ ಇಳಸ್ರಿ."