ಮೇಷ್ಟ್ರ ಮಾನ ಉಳಿಸಿದ ಊರು

ಸಮೀಕ್ಷೆಯ ಕೆಲಸ ತಲೆಗೆ ಬಿದ್ದಾಗ ತರಬೇತಿ ಶಾಲೆಯ ವೈಂಡಿಂಗ್ ಮೇಷ್ಟ್ರು ಆಗೋದಿಲ್ಲ ಅನ್ನಲಿಲ್ಲ. ಆಗೋದಿಲ್ಲ ಅನ್ನುವುದಕ್ಕೂ ಒಂದಿಷ್ಟು ಕಸುವು ಬೇಕು. ಸುಟ್ಟ ಮೋಟಾರುಗಳ ಕರಿ ತಂತಿ ಕಿತ್ತು ಹೊಸ ತಾಮ್ರ ಸುತ್ತುವುದನ್ನು ವರ್ಷಗಟ್ಟಲೆ ಕಲಿಸಿ ಅವರ ಕಸುವೆಲ್ಲ ಬೆರಳ ತುದಿಯಲ್ಲೇ ಖರ್ಚಾಗಿತ್ತು. ಸರಿ ಎಂದು ತಲೆಯಾಡಿಸಿ, ಕೊಟ್ಟ ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು.

ಕೆಲವು ವರ್ಷಕ್ಕೊಮ್ಮೆ ಸರ್ಕಾರ ಹೀಗೆ ರಾಜ್ಯದ ಉದ್ದಗಲಕ್ಕೂ ಮನೆಮನೆಗೆ ಜನ ಕಳಿಸಿ ಕೇಳುತ್ತಿತ್ತು. ಯಾರು ಏನು ಕಲಿತರು, ಈಗ ಏನು ಮಾಡುತ್ತಿದ್ದಾರೆ, ಯಾವ ಕಡೆ ಎಂಥ ಕೈಗಳು ಬೇಕು. ಬಂದ ಉತ್ತರಗಳನ್ನು ಕೂಡಿ ಕಳೆದು, ಯಾವ ಶಾಲೆಯಲ್ಲಿ ಯಾವ ವಿಭಾಗ ಇರಬೇಕು, ಯಾವುದು ಎದ್ದು ಹೋಗಬೇಕು ಎಂದು ಮೇಲಿನವರು ತೀರ್ಮಾನಿಸುತ್ತಿದ್ದರು. ಹೋದ ಸಲ ಎದ್ದು ಹೋದದ್ದು ಮರಗೆಲಸದ ವಿಭಾಗ. ಊರಿನ ಅರ್ಧ ಬಾಗಿಲು ಕಿಟಕಿ ಆ ವಿಭಾಗದಲ್ಲಿ ಕಲಿತವರ ಕೈಯಲ್ಲೇ ಆಗಿದ್ದವು. ಆದರೆ "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದಾಗ ಒಬ್ಬೊಬ್ಬರೂ "ಬೇಸಾಯ" ಎಂದುಬಿಟ್ಟಿದ್ದರು. ಅಂಗೈಯಗಲ ಹೊಲವಿದ್ದರೂ ಅವರ ಮಟ್ಟಿಗೆ ಕೆಲಸವೆಂದರೆ ಹೊಲ. ಉಳಿದದ್ದು ಬಿಡುವಿನಲ್ಲಿ ಕೈ ಮಾಡುವ ಕೆಲಸ, ಅದನ್ನು ಹೇಳಿಕೊಳ್ಳುವುದೇನು. ಮರಗೆಲಸ ಕಲಿತವರ್‍ಯಾರೂ ಮರಗೆಲಸ ಮಾಡುತ್ತಿಲ್ಲ ಎಂದು ಲೆಕ್ಕವಾಯಿತು. ಆ ಕೋಣೆಗೆ ಬೀಗ ಬಿತ್ತು. ಮರಗೆಲಸದ ಮೇಷ್ಟ್ರು ಪೆಟ್ಟಿಗೆ ಕಟ್ಟಿಕೊಂಡು ಎಲ್ಲೋ ದೂರ ಹೋದರು. ಬಿಸಿಲು ಕಾದ ಮಧ್ಯಾಹ್ನ ಆ ಬಾಗಿಲ ಸಂದಿಯಿಂದ ಈಗಲೂ ಮರದ ಹೊಟ್ಟಿನ ವಾಸನೆ ಬರುತ್ತಿತ್ತು.

ಊರು ಅದನ್ನು ಮರೆತಿರಲಿಲ್ಲ. ನಮ್ಮ ಬಾಯಿಂದಲೇ ಹೋಯಿತು ಎಂಬ ಕೊರಗು ಎಲ್ಲರಿಗೂ ಇತ್ತು.

ಈ ಸಲ ವೈಂಡಿಂಗ್ ವಿಭಾಗದ ಸರದಿ ಎಂಬ ಸುದ್ದಿ ಮೇಷ್ಟ್ರಿಗಿಂತ ಮುಂಚೆ ಊರನ್ನು ಸುತ್ತಿ ಬಂದಿತ್ತು. ಮೇಷ್ಟ್ರ ಜೊತೆಗೆ ಪಟ್ಟಣದಿಂದ ಮೇಲ್ವಿಚಾರಕಿ ಬಂದಿದ್ದಳು, ಅಂಕಿಅಂಶದ ಇಲಾಖೆಯವಳು. ವಯಸ್ಸು ಚಿಕ್ಕದು, ಮುಖದ ದಣಿವು ದೊಡ್ಡದು. ಅವಳು ಮೊದಲೇ ಹೇಳಿದ್ದಳು: "ಸರ್, ಪ್ರಶ್ನೆ ಹೇಗಿದೆಯೋ ಹಾಗೇ ಓದ್ಬೇಕು. ಬಿಡಿಸಿ ಹೇಳೋ ಹಾಗಿಲ್ಲ, ಸೂಚನೆ ಕೊಡೋ ಹಾಗಿಲ್ಲ. ಅರ್ಥ ಆಗಿಲ್ಲ ಅನ್ನಿಸಿದ್ರೆ ಇನ್ನೊಂದ್ಸಲ ಓದ್ಬಹುದು, ಅಷ್ಟೇ. ಮನೆ ಯಜಮಾನರು ಹೇಳಿದ್ದನ್ನೇ ಒತ್ಬೇಕು."

ಮೊದಲ ಮನೆ ಹಿಟ್ಟಿನ ಗಿರಣಿಯವರದು. ಗಿರಣಿಯವರು ಮುಖ ತೊಳೆದು, ತೊಳೆದ ಅಂಗಿ ಹಾಕಿಕೊಂಡು, ಇನ್‌ಸ್ಪೆಕ್ಟರು ಬಂದ ದಿನದ ಶಾಲೆ ಹುಡುಗನ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅವರ ಮಗ ಮೇಷ್ಟ್ರ ಬಳಿ ಕಲಿತವನು.

"ನಿಮ್ಮ ಮನೆಯಲ್ಲಿ ತರಬೇತಿ ಪಡೆದವರು ಪ್ರಸ್ತುತ ಯಾವ ಉದ್ಯೋಗದಲ್ಲಿದ್ದಾರೆ?" ಮೇಷ್ಟ್ರು ಓದಿದರು.

"ವೈಂಡಿಂಗು," ಎಂದರು ಗಿರಣಿಯವರು, ಪ್ರಶ್ನೆ ಮುಗಿಯುವುದಕ್ಕೆ ಮುಂಚೆಯೇ. "ಬೇಸಾಯ ಅಂತ ಬರ್ಕೊಂಡೀರಿ ಮತ್ತೆ. ವೈಂಡಿಂಗು."

ಮೇಷ್ಟ್ರಿಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ವರ್ಷದ ಮೇಲೆ ಯಾರೋ ಬೆನ್ನಿಗೆ ಕೈಯಿಟ್ಟ ಹಾಗಾಯಿತು. ಮುಂದಿನ ಪ್ರಶ್ನೆ ಓದಿದರು: "ನಿಮ್ಮ ಪ್ರದೇಶದಲ್ಲಿ ಈ ಕುಶಲತೆಯುಳ್ಳ ಇನ್ನಷ್ಟು ಕೆಲಸಗಾರರ ಅಗತ್ಯವಿದೆಯೇ?"

"ಏನೇನೂ ಇಲ್ಲ," ಎಂದರು ಗಿರಣಿಯವರು ಎದೆ ಸೆಟೆಸಿ. "ನಿಮ್ಮ ಶಿಷ್ಯರೇ ಧಾರಾಳ ಇದ್ದಾರೆ. ಹೊರಗಿನೋರು ಯಾಕೆ ಬೇಕು ನಮ್ಗೆ?"

ಮೇಷ್ಟ್ರು 'ಇಲ್ಲ' ಒತ್ತಿದರು. ಒತ್ತುವಾಗಲೂ ಖುಷಿಯೇ ಇತ್ತು. ಮುಂದಿನ ಮನೆ, ಅದರ ಮುಂದಿನ ಮನೆ, ಎಲ್ಲ ಕಡೆ ಅದೇ ಮಾತು. ಒಬ್ಬಳು ಅಜ್ಜಿಯಂತೂ ಮೊಮ್ಮಗನ ಪರವಾಗಿ, "ನಮ್ಮ ಕೂಸು ಇರೋವರೆಗೆ ಈ ಊರಲ್ಲಿ ಮೋಟಾರು ಕೆಡೋದೇ ಇಲ್ಲ, ಬರ್ಕೋ ಮಗಾ" ಎಂದಳು. ಮೇಲ್ವಿಚಾರಕಿಗೂ ನಗು ಬಂತು.

ಮಧ್ಯಾಹ್ನ ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದರು. ಮೇಲ್ವಿಚಾರಕಿ ಅಲ್ಲಿಯವರೆಗಿನ ಉತ್ತರಗಳ ಮೇಲೆ ಬೆರಳಾಡಿಸುತ್ತಿದ್ದವಳು ನಿಲ್ಲಿಸಿದಳು. ಏನೋ ಹೇಳಬೇಕೆಂದು ಬಾಯಿ ತೆರೆದವಳು ನೀರು ಕುಡಿದಳು.

"ಏನಮ್ಮ?" ಎಂದರು ಮೇಷ್ಟ್ರು.

"ನಾನು ಇದನ್ನ ಹೇಳ್ಬಾರ್ದು ಸರ್."

"ನಾನು ಯಾರಿಗೆ ಹೇಳ್ತೀನಿ, ಮೋರಿಗಾ?"

ಅವಳು ಟ್ಯಾಬನ್ನು ಮಗುಚಿಟ್ಟು ಹೇಳಿದಳು. "ಕಲಿತೋರೆಲ್ಲ ಅದೇ ಕೆಲಸದಲ್ಲಿ ಇದ್ದಾರೆ, ಒಳ್ಳೇದು. ಆದ್ರೆ ಎಲ್ಲ ಮನೆಯೋರೂ 'ಇನ್ನು ಬೇಡ' ಅಂದ್ರೆ, ಈ ಕಡೆ ಸಾಕಷ್ಟು ಜನ ಆಗಿದ್ದಾರೆ ಅಂತ ಲೆಕ್ಕ. ವಿಭಾಗ ಬೇಕಾದ ಕಡೆಗೆ ಹೋಗುತ್ತೆ."

ಮೇಷ್ಟ್ರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬೆಳಗಿನಿಂದ ಒತ್ತಿದ ಒಂದೊಂದು 'ಇಲ್ಲ'ವೂ ನೆನಪಾಯಿತು. ಎಷ್ಟು ಸಂತೋಷದಿಂದ ಒತ್ತಿದ್ದೆ ಎಂಬುದೂ ನೆನಪಾಯಿತು.

"ಅದಕ್ಕೇನು ದಾರಿ?"

"ಜನ ಏನು ಹೇಳ್ತಾರೋ ಅದೇ ದಾರಿ ಸರ್. ನೀವು ಹೇಳಿಕೊಟ್ರಿ ಅಂತ ಗೊತ್ತಾದ್ರೆ ಇಡೀ ಊರಿನ ಉತ್ತರ ರದ್ದು ಮಾಡ್ತಾರೆ. ಆವಾಗ ನಿಮ್ಮೂರು ಲೆಕ್ಕದಲ್ಲೇ ಇರೋದಿಲ್ಲ."

ಒಂದು ಮಾತು ಯಾರ ಕಿವಿಗಾದರೂ ಹಾಕಿದ್ದರೆ ತಾವು ಮುಂದಿನ ಮನೆ ಮುಟ್ಟುವುದರೊಳಗೆ ಅದು ಊರ ಕೊನೆ ಮುಟ್ಟುತ್ತಿತ್ತು. ಮೇಷ್ಟ್ರು ಅದನ್ನೂ ಯೋಚಿಸಿದರು. ಆದರೆ ಏನೆಂದು ಹೇಳುವುದು? ನನ್ನ ಶಿಷ್ಯರು ಸಾಲುವುದಿಲ್ಲ ಎಂದು ಹೇಳಿ ಎನ್ನುವುದೇ? ತಾನೇ ಕೈ ಹಿಡಿದು ತಿದ್ದಿದವರ ಮನೆ ಬಾಗಿಲಿಗೆ ಹೋಗಿ, ನಿಮ್ಮ ಮಗ ಸಾಲದು ಅನ್ನಿ ಎನ್ನುವುದೇ? ಬುತ್ತಿ ಮುಚ್ಚಿ ಎದ್ದರು. ಮಂಡಿ ಲಟಕ್ಕೆಂದಿತು.

ಮಧ್ಯಾಹ್ನದ ಮೇಲಿನ ಮನೆಗಳಲ್ಲಿ ಗ್ರೀಸನ ಮನೆಯೂ ಇತ್ತು. ಕಲಿಯುವ ಕಾಲದಲ್ಲಿ ಅಂಗಿ, ಕೂದಲು, ಹುಬ್ಬಿಗೆಲ್ಲ ಗ್ರೀಸ್ ಮೆತ್ತಿಕೊಂಡು ಬರುತ್ತಿದ್ದವನಿಗೆ ಆ ಹೆಸರೇ ಗಟ್ಟಿಯಾಗಿತ್ತು. ಕೆಲಸದಲ್ಲಿ ಮಾತ್ರ ಅವನಷ್ಟು ಚೊಕ್ಕಟ ಇನ್ನೊಬ್ಬನಿಲ್ಲ. ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಪಂಪಿನ ಮೋಟಾರುಗಳು ಆಸ್ಪತ್ರೆ ಮುಂದಿನ ಜನದ ಹಾಗೆ ಕಾಯುತ್ತ ಕೂತಿದ್ದವು. ಬಾಗಿಲಲ್ಲಿ ಒಬ್ಬ ರೈತ ನಿಂತು ಗೊಣಗುತ್ತಿದ್ದ.

"ನಾಳೆ ನಾಳೆ ಅಂತ ನನ್ನ ಬೆಳೆ ಒಣಗಿಸ್ತೀಯ ನೋಡು. ನನ್ನ ಮೋಟಾರು ಇಲ್ಲೇ ಸಂಸಾರ ಹೂಡಿದೆ."

"ನಾಡಿದ್ದು ಖಂಡಿತ ಕೊಡ್ತೀನಿ ಮಾವ," ಎಂದು ಗ್ರೀಸ ಅವನನ್ನು ಸಾಗಹಾಕಿ, ಮೇಷ್ಟ್ರಿಗೆ ಸ್ಟೂಲು ಒರೆಸಿ ಹಾಕಿದ. ಒಳಗೆ ಅವನ ಹೆಂಡತಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡೇ ಸುಟ್ಟ ಕಾಯಿಲಿನಿಂದ ತಂತಿ ಎಳೆದು ತೆಗೆಯುತ್ತಿದ್ದಳು. ಮೇಷ್ಟ್ರ ಶಾಲೆಯ ಮುಂದಿನ ತಂಡಕ್ಕೆ ಅವಳು ಅರ್ಜಿ ಹಾಕಿದ್ದಳು. ಗಂಡನಿಂದ ಕಲಿತದ್ದು ಕೈಯಲ್ಲಿತ್ತು, ಆದರೆ ಸರ್ಟಿಫಿಕೇಟ್ ಇಲ್ಲದೆ ವಿದ್ಯುತ್ ಕಚೇರಿಯವರು ಅವಳಿಗೆ ಕೆಲಸ ವಹಿಸುತ್ತಿರಲಿಲ್ಲ. ಕೂಸು ಕಟ್ಟಿಕೊಂಡು ಪಟ್ಟಣಕ್ಕೆ ಹೋಗಿ ಕಲಿಯುವುದು ಆಗದ ಮಾತು. ಈ ಶಾಲೆಯೇ ಅವಳಿಗೆ ಗತಿ.

ಉದ್ಯೋಗದ ಪ್ರಶ್ನೆ ಸಲೀಸಾಗಿ ಮುಗಿಯಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮುಂದಿನದನ್ನು ಓದಿದರು.

"ಇನ್ನಷ್ಟು ಜನ ಬೇಕಾಗೇ ಇಲ್ಲ," ಎಂದ ಗ್ರೀಸ.

ಮೇಷ್ಟ್ರು ಮೋಟಾರುಗಳ ಸಾಲನ್ನು ನೋಡಿದರು. ಮೇಲ್ವಿಚಾರಕಿಯೂ ನೋಡಿದಳು. ಇನ್ನೊಮ್ಮೆ ಓದಬಹುದು ಎಂಬ ನಿಯಮವೊಂದು ಇತ್ತಲ್ಲ. ಮೇಷ್ಟ್ರು ಇನ್ನೊಮ್ಮೆ ಓದಿದರು, ಒಂದೊಂದು ಮಾತನ್ನೂ ಬಿಡಿಸಿ, ಪಾಠ ಮಾಡುವಾಗಿನ ದನಿಯಲ್ಲಿ. ತಪ್ಪು ಸುತ್ತಿದಾಗ ಮೇಷ್ಟ್ರು ಹೀಗೇ ನಿಧಾನವಾಗಿ ಕೇಳುತ್ತಿದ್ದದ್ದು ಗ್ರೀಸನಿಗೆ ನೆನಪಿತ್ತು. ಉತ್ತರಕ್ಕೆ ಜೋರು ಸಾಲಲಿಲ್ಲವೇನೋ ಎಂದುಕೊಂಡ.

"ಒಬ್ಬನೂ ಬೇಡ ಸರ್. ಇಲ್ಲಿಂದ ಹೆದ್ದಾರಿವರೆಗೂ ನಾನೊಬ್ಬನೇ ಸಾಕು. ನೀವು ಕಲಿಸಿದ್ದು ಅಂಥದ್ದು."

ಒಳಗಿಂದ ಹೆಂಡತಿಯ ದನಿ ಬಂತು. "ಯಾಕ್ರೀ ಹಾಗಂತೀರಿ? ಇನ್ನೊಂದು ಕೈ ಇದ್ದಿದ್ರೆ ಆ ಮಾವ ಬೈಯೋದಾದ್ರೂ ತಪ್ತಿತ್ತು..."

"ಸುಮ್ನಿರೇ," ಎಂದ ಗ್ರೀಸ ತಗ್ಗಿದ ದನಿಯಲ್ಲಿ. "ನಮ್ಮ ತಾಪತ್ರಯ ಅಲ್ಲ ಇದು. ಮೇಷ್ಟ್ರ ಮಾನದ ಪ್ರಶ್ನೆ."

ಒಳಗಿಂದ ತಂತಿ ಎಳೆಯುವ ಸದ್ದು ಮತ್ತೆ ಕೇಳಿಸಿತು. ಮೇಷ್ಟ್ರು ಮೇಲ್ವಿಚಾರಕಿಯ ಕಡೆ ನೋಡಿದರು. ಅವಳು ಬೇರೆ ಕಡೆ ನೋಡುತ್ತಿದ್ದಳು. ಈಗ ತಾನು ಏನು ಒತ್ತಿದರೂ ಅವಳು ಕಂಡೂ ಕಾಣದ ಹಾಗಿರುತ್ತಾಳೆ ಎಂದು ಮೇಷ್ಟ್ರಿಗೆ ತಿಳಿಯಿತು. ಬೆರಳು 'ಹೌದು' ಎಂಬುದರ ಮೇಲೆ ಹೋಗಿ ನಿಂತಿತು. ಎದುರಿಗೆ ಗ್ರೀಸ ತೃಪ್ತಿಯಿಂದ ನೋಡುತ್ತ ನಿಂತಿದ್ದ, ತನ್ನ ಮಾತು ಟ್ಯಾಬಿನೊಳಕ್ಕೆ ಹೋಗುವುದನ್ನು ಕಣ್ಣಾರೆ ಕಾಣಬೇಕೆಂಬಂತೆ.

'ಇಲ್ಲ' ಒತ್ತಿದರು.

ಕೊನೆಗೆ ಉಳಿದದ್ದು ಮೇಷ್ಟ್ರ ಮನೆ. ತಮ್ಮ ಮನೆಯನ್ನು ತಾವೇ ಕೇಳುವಂತಿಲ್ಲವಾದ್ದರಿಂದ, ಮೇಷ್ಟ್ರನ್ನು ಹೊರಗೆ ಕೂರಿಸಿ, ಅವರ ಹೆಂಡತಿಯನ್ನು ಮೇಲ್ವಿಚಾರಕಿಯೇ ಕೇಳಿದಳು. ಹೆಂಡತಿ ಆಗಷ್ಟೇ ಹಿತ್ತಿಲ ಬಾವಿಯಿಂದ ಎರಡು ಕೊಡ ಸೇದಿ ತಂದು ಏದುಸಿರು ಬಿಡುತ್ತಿದ್ದರು. ಕಿಟಕಿಯಿಂದ ಮಾತೆಲ್ಲ ಹೊರಗೆ ಕೇಳಿಸುತ್ತಿತ್ತು.

"ಈ ಕುಶಲತೆಯುಳ್ಳ ಇನ್ನಷ್ಟು ಕೆಲಸಗಾರರ ಅಗತ್ಯವಿದೆಯೇ?"

"ಬೇಕಮ್ಮ, ಅರ್ಜೆಂಟಾಗಿ ಬೇಕು. ನಮ್ಮನೆ ಪಂಪು ಕೆಟ್ಟು ಯಾವ ಕಾಲ ಆಯ್ತೋ. ಇವರು ಊರಿನದ್ದೆಲ್ಲ ಸುತ್ತುತ್ತಾರೆ, ಮನೇದು ಕೇಳಿದ್ರೆ ಭಾನುವಾರ ಅಂತಾರೆ. ಗ್ರೀಸನ್ನ ಕರೆದ್ರೆ, ಮೇಷ್ಟ್ರ ಮನೆ ಪಂಪು ನಾನು ಮುಟ್ಟೋದಾ, ಅವರೇ ಇದ್ದಾರಲ್ಲ ಅಂತಾನೆ. ಬರ್ಕೊಳಮ್ಮ, ಇಬ್ಬರು ಬೇಕು ಅಂತ ಬರ್ಕೋ."

ಮೇಲ್ವಿಚಾರಕಿ ಹೊರಬಂದು ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಳು. "ಒಂದು 'ಹೌದು' ಸಿಕ್ತು ಸರ್."

ಮಧ್ಯಾಹ್ನದಿಂದೀಚೆಗೆ ಮೊದಲ ಸಲ ಮೇಷ್ಟ್ರು ನಕ್ಕರು. ನಗು ಬಾಯಿಂದ ಕಣ್ಣಿನವರೆಗೆ ಬರುವಷ್ಟರಲ್ಲಿ ಸುಸ್ತಾಗಿ ಹಿಂದಕ್ಕೆ ಹೋಯಿತು.

ಬೇಸಿಗೆ ಕಳೆದು ಆದೇಶ ಬಂತು. ಈ ಭಾಗದಲ್ಲಿ ನುರಿತ ಕೈಗಳು ಸಾಕಷ್ಟಿರುವುದರಿಂದ ವಿಭಾಗವನ್ನು ಕೊರತೆಯಿರುವ ಕಡೆಗೆ ಸಾಗಿಸುವುದು. ಮೇಷ್ಟ್ರೂ ಅದರ ಜೊತೆ ಹೋಗುವುದು. ಲಾರಿ ಬಂದ ದಿನ ಹಳೆಯ ಶಿಷ್ಯರೆಲ್ಲ ತಾವಾಗಿಯೇ ಬಂದು ಸುತ್ತುವ ಯಂತ್ರ, ಬೆಂಚು, ವಾರ್ನಿಶ್ ಡಬ್ಬಗಳನ್ನು ಎತ್ತಿಕೊಟ್ಟರು. ಕೆಲಸ ಬಲ್ಲ ಕೈಗಳಾದ್ದರಿಂದ ಒಂದಕ್ಕೂ ಏಟು ಬೀಳಲಿಲ್ಲ.

ಹಗ್ಗ ಬಿಗಿದಾದ ಮೇಲೆ ಗ್ರೀಸ ಬಂದು ಪಕ್ಕದಲ್ಲಿ ನಿಂತ.

"ನಾವು ಹೇಳಿದ್ರಲ್ಲಿ ಏನಾದ್ರೂ ಕಮ್ಮಿ ಆಯ್ತಾ ಸರ್?"

ಗಿರಣಿಯವರೂ ತಿರುಗಿ ನೋಡಿದರು. ಹೋದ ಸಲದ ಕೊರಗೇ ಅವರ ಮುಖದಲ್ಲಿ ಮತ್ತೆ ಬಂದು ಕೂರುವುದಕ್ಕೆ ಜಾಗ ಹುಡುಕುತ್ತಿತ್ತು.

"ಕಮ್ಮಿ ಏನಿಲ್ಲಪ್ಪ," ಎಂದರು ಮೇಷ್ಟ್ರು. "ಎಲ್ಲರೂ ಚೆನ್ನಾಗೇ ಹೇಳಿದ್ರಿ."

"ಮತ್ಯಾಕೆ ಹಿಂಗಾಯ್ತು?"

"ಮೇಲಿನೋರಿಗೆ ಏನು ತೋಚಿತೋ. ನಮಗೆ ಹೇಳಿ ಮಾಡ್ತಾರಾ?"

ಅವರೆಲ್ಲ ಮೇಲಿನವರನ್ನು ಬೈಯುತ್ತ ಬೈಯುತ್ತ ಹಗುರಾಗಿ ಹೋದರು. ಗ್ರೀಸನ ಹೆಂಡತಿ ಮಾತ್ರ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಖಾಲಿ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಬೆಂಚುಗಳಿದ್ದ ಕಡೆ ನೆಲದ ಬಣ್ಣ ಬೇರೆಯಾಗಿತ್ತು.

"ಅವತ್ತು ನಾನು ಹೇಳೋಕೆ ಬಂದಿದ್ದೆ ಸರ್," ಎಂದಳು.

"ಕೇಳಿಸ್ತಮ್ಮ."

ಮೇಷ್ಟ್ರು ಕೀಲಿಯ ಗೊಂಚಲಿನಿಂದ ಆ ಕೋಣೆಯ ಕೀಲಿ ಬಿಡಿಸುತ್ತ, ಅವಳ ಮುಖ ನೋಡದೆ ಹೇಳಿದರು.

"ನಾನು ಹೊರಡೋದು ಸೋಮವಾರ. ಭಾನುವಾರ ನಮ್ಮನೆ ಪಂಪು ಬಿಚ್ಚಿಟ್ಟಿರ್ತೀನಿ. ಬಾ. ಸುತ್ತೋದೆಲ್ಲ ನೀನೇ ಸುತ್ತು, ನಾನು ನೋಡ್ತಾ ಕೂತಿರ್ತೀನಿ. ಸರ್ಟಿಫಿಕೇಟ್ ಮಾತ್ರ ನನ್ನ ಕೈಲಿ ಕೊಡೋಕಾಗಲ್ಲ."

"ಮಗೂನ ಕರ್ಕೊಂಡು ಬರ್ಬಹುದಾ?"

"ಬಾ. ನಮ್ಮನೆಯೋಳು ನೋಡ್ಕೋತಾಳೆ. ಪಂಪು ಸರಿ ಆಗುತ್ತೆ ಅಂದ್ರೆ ಏನು ಬೇಕಾದ್ರೂ ಮಾಡ್ತಾಳೆ ಅವಳು."

ಒಳಗೆ ಏನೂ ಇಲ್ಲದಿದ್ದರೂ ಮೇಷ್ಟ್ರು ರೂಢಿಯಂತೆ ಬಾಗಿಲೆಳೆದು ಬೀಗ ಹಾಕಿದರು. ಎರಡು ಸಲ ಜಗ್ಗಿ ನೋಡಿದರು.